ಸಕ್ಕರಿ ಗುಡ್ಡದ ಚರಿತ್ರೆ

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಬಣ್ಣವಂತೂ ಖಂಡಿತ ತಪ್ಪಿದೆ. ನನ್ನ ನೆನಪಿನಲ್ಲಿ ನಮ್ಮೂರು ಸತ್ತಿಯ ಹೊಳೆದಂಡೆಯ ಇಳಿಜಾರು ಬೆಳ್ಳಗಿದೆ. ಅಲ್ಲಿನ ಮಣ್ಣು ಕಪ್ಪು, ಒದ್ದೆಯಾದರೆ ಇನ್ನೂ ಕಪ್ಪು ಎಂಬುದು ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಬಿಳಿಯೇ ಕಾಣುತ್ತದೆ. ಆ ಬಿಳಿಯ ಮೇಲೆ ನನ್ನ ಅತ್ತೆ, ಅಪ್ಪನ ತಂಗಿ, ಮೇಲಿನಿಂದ ಓಡಿ ಬರುತ್ತಾಳೆ. ದಂಡೆಯ ತುದಿಯಲ್ಲಿ ಅವಳ ಕಾಲು ನೆಲ ಬಿಡುತ್ತದೆ. ಕೈಗಳು ಮೈಗೆ ಅಂಟಿವೆ. ಎದೆ ಮುಂದಕ್ಕೆ ಬಾಗಿದೆ. ಸೆರಗು ಹಿಂದೆ ಉದ್ದಕ್ಕೆ ನಿಂತಿದೆ. ಅವಳು ಕೆಳಗೆ ಬಂದದ್ದು ನನಗೆ ನೆನಪಿಲ್ಲ. ಎಷ್ಟೋ ವರ್ಷಗಳಿಂದ ಅವಳು ಅಲ್ಲೇ, ಹೊಳೆಯ ಮೇಲೆ, ಗಾಳಿಯಲ್ಲಿ ಇದ್ದಾಳೆ.

ನನಗಾಗ ಐದು ವರ್ಷವೋ ಆರೋ. ಅತ್ತೆಗೆ ಇಪ್ಪತ್ತು ದಾಟಿತ್ತು. ದಸರೆಗೆ ಮುಂಚೆ ಮನೆಯ ಹೊದೆಯುವ ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆದು, ದಂಡೆಯ ಮೇಲೆ ಹಾಸಿ ಒಣಗಿಸುವ ದಿನ ಅದು. ಆ ದಿನದಿಂದ ಅತ್ತೆಯ ಎಡಗಾಲು ಕುಂಟಾಯಿತು. ಕಾಗವಾಡದ ಕಡೆಯ ಒಂದು ಮನೆಯವರು ಅವಳನ್ನು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಒಪ್ಪಿ ಹೋಗಿದ್ದರು. ಕಾಲಿನ ಸುದ್ದಿ ಕೇಳಿದ ಮೇಲೆ ಅವರು ಮತ್ತೆ ಬರಲಿಲ್ಲ. ಬೇರೆಯವರೂ ಬರಲಿಲ್ಲ. ಅತ್ತೆ ತವರಿನಲ್ಲೇ ಉಳಿದಳು, ಎಮ್ಮೆ ಕಟ್ಟಿದಳು, ಹಾಲು ಹಾಕಿದಳು, ಅಣ್ಣಂದಿರ ಮಕ್ಕಳನ್ನೆಲ್ಲ ಬೈದು ಬೆಳೆಸಿದಳು.

ಅವಳು ಜಾರಿ ಬಿದ್ದಳು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಕಂಡದ್ದು ನಿಜವಾದರೆ ಅವಳು ಜಿಗಿದಳು. ಜಾರಿದ್ದರೆ ಅದೊಂದು ಕೆಟ್ಟ ಗಳಿಗೆ, ಅಷ್ಟೇ. ಜಿಗಿದಿದ್ದರೆ ಏನು ಎಂಬುದನ್ನು ನಾನು ಪೂರ್ತಿ ಯೋಚಿಸಿರಲಿಲ್ಲ. ಈ ವರ್ಷ ಯೋಚಿಸಬೇಕಾಗಿ ಬಂತು.

ನನ್ನ ನೆನಪನ್ನು ನಾನೇ ನಂಬದಿರುವುದಕ್ಕೆ ಒಂದು ಕ್ಯಾಲೆಂಡರ್ ಕಾರಣ. ಹಾರೂಗೇರಿಯ ಪಂಪ್‌ಸೆಟ್ ಅಂಗಡಿಯವರು ಗಿರಾಕಿಗಳಿಗೆ ಕೊಡುತ್ತಿದ್ದ ಕ್ಯಾಲೆಂಡರ್. ಮೇಲೆ ದೊಡ್ಡ ಚಿತ್ರ, ಕೆಳಗೆ ತಿಂಗಳ ಹಾಳೆಗಳು. ವರ್ಷ ಮುಗಿದು ಹಾಳೆಗಳು ಹೋದ ಮೇಲೂ ಚಿತ್ರವನ್ನು ಯಾರೂ ಇಳಿಸಲಿಲ್ಲ. ಮೊಳೆ ಕಿತ್ತುಬಂದಾಗ ಹಿಟ್ಟಿನ ಅಂಟು ಹಚ್ಚಿ ನಡುಮನೆಯ ಗೋಡೆಗೇ ಅಂಟಿಸಿದರು. ಚಿತ್ರದಲ್ಲಿ ಒಂದು ಬಿಳಿ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಎತ್ತರದ ಕಟ್ಟಡ, ಅಲ್ಲಿಂದ ಓರೆಯಾಗಿ ಕೆಳಕ್ಕೆ ಇಳಿದು ನಡುವೆಯೇ ಕತ್ತರಿಸಿದಂತೆ ನಿಂತ ಒಂದು ಉದ್ದನೆಯ ಜಾರುದಾರಿ. ಅದರ ಮುಂದೆ, ಆಕಾಶದಲ್ಲಿ, ಕಾಲಿಗೆ ಎರಡು ಉದ್ದ ಹಲಗೆ ಕಟ್ಟಿಕೊಂಡ ಒಬ್ಬ ಮನುಷ್ಯ.

ನಮ್ಮ ಮನೆಯಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ. ಸಕ್ಕರೆ ಕಾರ್ಖಾನೆ ಕಾಣದವರೂ ಯಾರೂ ಇರಲಿಲ್ಲ. ಹಾಗಾಗಿ ಅದು ಪರದೇಶದ ಸಕ್ಕರೆ ಕಾರ್ಖಾನೆಯಾಯಿತು. ಓರೆಯ ಕಟ್ಟಡ ಕಬ್ಬನ್ನು ಮೇಲಕ್ಕೆ ಎಳೆದೊಯ್ಯುವ ಕ್ಯಾರಿಯರ್. ಬಿಳಿ ಗುಡ್ಡ ಸುರಿದ ಸಕ್ಕರೆ. ಇದನ್ನು ತೀರ್ಮಾನಿಸಿದವನು ನನ್ನ ಮುತ್ಯಾ, ಅಪ್ಪನ ಅಪ್ಪ. ಅವನು ಗಾಡಿಯಲ್ಲಿ ಕಬ್ಬು ಹೊಡೆದ ಕಾಲದವನು, ಕಾರ್ಖಾನೆಯ ಶೇರುದಾರ, ದೀಪಾವಳಿಗೆ ಶೇರಿನ ಸಕ್ಕರೆ ತರುವ ಹಕ್ಕಿದ್ದವನು. ಅವನ ಮಾತಿಗೆ ಎದುರು ಮಾತಿರಲಿಲ್ಲ. ಆ ದೇಶದಲ್ಲಿ ಮಳೆ ಇಲ್ಲ, ಅದಕ್ಕೇ ಸಕ್ಕರೆಯನ್ನು ಚೀಲಕ್ಕೆ ತುಂಬದೆ ಹಾಗೇ ಬಯಲಿಗೆ ಬಿಟ್ಟಿದ್ದಾರೆ ಎಂದ. ನಾವು ಮಕ್ಕಳು ಅದನ್ನು ಸಕ್ಕರಿ ಗುಡ್ಡ ಎಂದು ಕರೆದೆವು. ಒಮ್ಮೆ ಯಾರೂ ಇಲ್ಲದಾಗ ನಾನು ಆ ಗುಡ್ಡವನ್ನು ನೆಕ್ಕಿದ್ದೇನೆ. ಸುಣ್ಣದ ರುಚಿ ಬಂತು. ಇದು ನಿಜವಾಗಿಯೂ ನಡೆದದ್ದು ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ, ನಾಲಗೆಗೆ ಈಗಲೂ ಗೊತ್ತು.

ಗಾಳಿಯಲ್ಲಿದ್ದ ಮನುಷ್ಯನಿಗೂ ಮುತ್ಯಾನ ಹತ್ತಿರ ಲೆಕ್ಕವಿತ್ತು.

"ಕ್ಯಾರಿಯರ್ ಮ್ಯಾಲಿಂದ ಬಿದ್ದಾನ. ಪಟ್ಟಿ ಸೈತ ಕಿತ್ತ ಬಂದಾವ ನೋಡ ಕಾಲಾಗ."

ಆಗ ಅತ್ತೆ ಹೇಳಿದಳಂತೆ, ಅಥವಾ ಹೇಳಿದಳೆಂದು ನಾನು ನಂಬಿದ್ದೇನೆ: "ಬಿದ್ದಾಂವ ಹಿಂಗ ಇರಾಂಗಿಲ್ಲಪ್ಪಾ. ಬಿದ್ದಾಂವ ಕೈಕಾಲ ಬಡೀತಾನ. ಇಂವ ಜಿಗದಾನ."

ಮುತ್ಯಾ ನಕ್ಕು ಎಲೆಅಡಿಕೆಯ ಚಂಚಿ ಬಿಚ್ಚಿದ. ಸಕ್ಕರೆ ಮಾಡುವುದು ಬಿಟ್ಟು ಜಿಗಿಯುವುದಕ್ಕೆ ಅವನಿಗೇನು ಹುಚ್ಚೇ ಎಂದ.

ನನ್ನ ತೊಡಕು ಇಷ್ಟೇ. ಕ್ಯಾಲೆಂಡರ್ ಮೊದಲು ಬಂದಿತ್ತೋ, ಅತ್ತೆಯ ಕಾಲು ಮೊದಲು ಮುರಿಯಿತೋ? ಕ್ಯಾಲೆಂಡರ್ ಮೊದಲು ಬಂದಿದ್ದರೆ, ಅತ್ತೆ ಅದನ್ನು ನೋಡಿ ಹಾಗೆ ಜಿಗಿದಿರಬಹುದು. ಕಾಲು ಮೊದಲು ಮುರಿದಿದ್ದರೆ, ನಾನು ಹೊಳೆಯಲ್ಲಿ ಕಂಡದ್ದೆಂದು ಇಟ್ಟುಕೊಂಡದ್ದು ಗೋಡೆಯ ಮೇಲಿನದಿರಬಹುದು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಒಂದೇ ಸಾಕ್ಷಿ, ಅದೂ ಐದು ವರ್ಷದ ಮಗುವಿನದು ಎಂದರೆ ನನ್ನ ವಿದ್ಯಾರ್ಥಿಗಳಿಗೆ ನಾನೇ ಒಪ್ಪಲು ಬಿಡುವುದಿಲ್ಲ. ಡೈರಿ ಬರೆಯಲು ಶುರುಮಾಡಿದ್ದು ಧಾರವಾಡದಲ್ಲಿ ಓದುವಾಗ. ಹೊಳೆಯ ಆ ದಿನಕ್ಕೆ ಅದು ಹದಿನೈದು ವರ್ಷ ತಡ.

ಈ ವರ್ಷ ಅತ್ತೆಯ ಮಂಡಿ ಪೂರ್ತಿ ಕೈಕೊಟ್ಟಿತು. ಮಿರಜಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಇದು ಹಳೆಯ ಪೆಟ್ಟು, ಏನಾಗಿತ್ತು ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ಅಪ್ಪ ಉತ್ತರ ಕೊಟ್ಟ: ಸಣ್ಣ ವಯಸ್ಸಿನಲ್ಲಿ ಕಾಲುವೆಯಲ್ಲಿ ಜಾರಿ ಬಿದ್ದಿದ್ದಳು. ಅತ್ತೆ ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. ಹೊರಗೆ ಬಂದ ಮೇಲೆ ನಾನು ಅಪ್ಪನನ್ನು ಕೇಳಿದೆ, ಕಾಲುವೆ ಎಲ್ಲಿಂದ ಬಂತು, ಹೊಳೆಯಲ್ಲವೇ ಎಂದು.

"ಕಾಲುವಿ ಆದರೇನ, ಹೊಳಿ ಆದರೇನ. ಜಾರಿದ್ದಂತೂ ಖರೆ," ಎಂದು ಅಪ್ಪ ಔಷಧದ ಅಂಗಡಿಯ ಕಡೆ ನಡೆದ.

ಮಂಡಿ ಬದಲಿಸಿದ ಮೇಲೆ ಅತ್ತೆ ಚಿಕ್ಕೋಡಿಗೆ, ನನ್ನ ಮನೆಗೆ ಬಂದಳು. ನಾನಿರುವುದು ಕೆಳಮನೆ, ಮೆಟ್ಟಿಲಿಲ್ಲ. ಕಾಲಿನ ವ್ಯಾಯಾಮ ಮಾಡಿಸುವವರು ಅಲ್ಲೇ ಹತ್ತಿರ. ಬೆಳಿಗ್ಗೆ ಅವರು ಬಂದು ಮಂಡಿ ಬಗ್ಗಿಸಿ ಹೋಗುತ್ತಿದ್ದರು. ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಅವಳ ಮಂಡಿಯ ಮೇಲೆ ಐಸಿನ ಚೀಲ ಇಡುತ್ತಿದ್ದೆ. ಕಿಟಕಿಯ ಆಚೆ ಊರಿನ ದಿಬ್ಬ, ದಿಬ್ಬದ ಮೇಲೆ ಮನೆಗಳು. ಚೀಲ ಕರಗಿ ನೀರಾಗುವ ತನಕ ಇಬ್ಬರಿಗೂ ಕೆಲಸವಿಲ್ಲ. ಅಂಥ ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಸಕ್ಕರಿ ಗುಡ್ಡವನ್ನು ಹುಡುಕಿದೆ.

ಅದು ಹಿಮದ ಮೇಲೆ ಜಾರಿ ಜಿಗಿಯುವ ಆಟದ ಗುಡ್ಡ ಎಂದು ನನಗೆ ಕಾಲೇಜಿಗೆ ಹೋದಾಗಲೇ ಗೊತ್ತಾಗಿತ್ತು. ಆದರೆ ಯಾವ ಗುಡ್ಡ ಎಂದು ಹುಡುಕಿರಲಿಲ್ಲ. ಗೋಡೆಗೆ ಹೊಸ ಗಿಲಾಯಿ ಮಾಡಿಸಿದಾಗ ಚಿತ್ರ ಹೋಗಿತ್ತು. ಪರದೆಯ ಮೇಲೆ ಒಂದಾದ ಮೇಲೊಂದು ಗುಡ್ಡ ಬಂದವು. ಎಲ್ಲ ಬೆಳ್ಳಗೆ, ಎಲ್ಲ ಎತ್ತರ, ಎಲ್ಲದಕ್ಕೂ ಅದೇ ಕತ್ತರಿಸಿದ ಜಾರುದಾರಿ. ಅತ್ತೆ ಒಂದರ ಮೇಲೆ ಬೆರಳಿಟ್ಟು, "ಇದ," ಎಂದಳು. ಹೇಗೆ ಹೇಳುತ್ತೀ ಎಂದೆ. ಬಲಕ್ಕೆ ಆ ಕಪ್ಪು ಗಿಡಗಳಿದ್ದವು, ಅವುಗಳ ನಡುವೆ ಒಂದು ಗಿಡ ಮುರಿದಂತೆ ಕುಳ್ಳಗಿತ್ತು ಎಂದಳು. ನನಗೆ ಮುರಿದ ಗಿಡ ಕಾಣಲಿಲ್ಲ. ಹಾಗಾಗಿ ಮುಂದೆ ಹೇಳುವುದು ಬೇರೆ ಯಾವುದೋ ಗುಡ್ಡದ ಚರಿತ್ರೆಯೂ ಇರಬಹುದು. ಅತ್ತೆಗೆ ಆ ಅನುಮಾನ ಬರಲೇ ಇಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ ಅವಳಿಗೆ ಹೇಳತೊಡಗಿದೆ.

ಮೊದಲು ಅದು ಬರೀ ದನ ಮೇಯುವ ಇಳಿಜಾರು. ಚಳಿಗಾಲದಲ್ಲಿ ಊರಿನ ಹುಡುಗರು ಅಲ್ಲಿ ಹಿಮವನ್ನು ಒಟ್ಟಿ ದಿಬ್ಬ ಮಾಡಿ ಜಿಗಿಯುತ್ತಿದ್ದರು. ದನದ ಮಾತು ಬಂದಾಗ ಅತ್ತೆ ಎದ್ದು ಕೂತಳು. ಯಾವ ತಳಿ, ಎಷ್ಟು ಹಾಲು ಎಂದು ಕೇಳಿದಳು. ಅದನ್ನು ಎಲ್ಲೂ ಬರೆದಿರಲಿಲ್ಲ. ಆಮೇಲೆ ಕಟ್ಟಿಗೆಯ ಅಟ್ಟಣೆ ಕಟ್ಟಿದರು, ಜಿಗಿಯುವವರಿಗೆ ಇನ್ನೂ ಎತ್ತರದಿಂದ ವೇಗ ಸಿಗಲೆಂದು. ಅದನ್ನು ಒಂದು ಬಿರುಗಾಳಿ ಬೀಳಿಸಿತು. ಮತ್ತೆ ಕಟ್ಟಿದರು, ಇನ್ನೂ ಎತ್ತರ. ಆಮೇಲೆ ಕಾಂಕ್ರೀಟು. ಎತ್ತರ ಹೆಚ್ಚಿದಂತೆ ಹುಡುಗರು ದೂರ ಹಾರತೊಡಗಿದರು, ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಜಾಗಕ್ಕೇ ಹೋಗಿ ಬೀಳತೊಡಗಿದರು. ಸಮತಟ್ಟಿನ ಮೇಲೆ ಇಳಿದರೆ ಕಾಲು ಉಳಿಯುವುದಿಲ್ಲ. ಅದಕ್ಕೆ ಗುಡ್ಡವನ್ನೇ ಅಗೆದು, ಇಳಿಜಾರನ್ನು ಮತ್ತಷ್ಟು ಕೆಳಕ್ಕೆ ಉದ್ದ ಮಾಡಿದರು. ಕೆಳಗಿನಿಂದ ನೋಡಿದರೆ ಭಯವೆನ್ನಿಸುವ ಆ ಇಳಿಜಾರೇ ಅವರನ್ನು ಕಾಯುವುದು. ಬೀಳುವವನ ಜೊತೆಜೊತೆಗೇ ನೆಲವೂ ಇಳಿಯುತ್ತಾ ಹೋಗುವುದರಿಂದ ಪೆಟ್ಟಾಗುವುದಿಲ್ಲ.

"ನಮ್ಮ ದಂಡಿಗೆ ಹಂಗಿದ್ದಿಲ್ಲ," ಎಂದಳು ಅತ್ತೆ. ಅಷ್ಟೇ ಹೇಳಿ, ಐಸಿನ ಚೀಲವನ್ನು ಸರಿಮಾಡಿಕೊಂಡಳು.

ನಾನು ಆ ಮಾತನ್ನು ಆ ದಿನ ಹಿಡಿಯಲಿಲ್ಲ. ಹಿಡಿದರೆ ಹಾರಿಹೋಗುತ್ತದೆ ಎನ್ನಿಸಿತು.

ಸತ್ತಿಯ ದಂಡೆಗೂ ಒಂದು ಚರಿತ್ರೆಯಿತ್ತು. ಅದು ಎಮ್ಮೆಗಳು ನೀರಿಗೆ ಇಳಿಯುವ ದಾರಿ. ಇಟ್ಟಿಗೆಭಟ್ಟಿಯವರು ಅದರ ತುದಿಯಲ್ಲಿ ಮಣ್ಣು ಕಡಿದುಕೊಂಡು ಹೋದ ಮೇಲೆ ದಾರಿ ನಡುವೆಯೇ ಕತ್ತರಿಸಿದಂತಾಗಿ, ಮುಂದೆ ನೀರು ಕೆಳಗೆ ಉಳಿಯಿತು. ಹುಡುಗರು ಆ ಇಳಿಜಾರಿಗೆ ಕೊಡಗಟ್ಟಲೆ ನೀರು ಹೊಯ್ದು, ಬಾಳೆಯ ಪಟ್ಟೆಯ ಮೇಲೆ ಕೂತು ಜಾರಿ, ತುದಿಯಿಂದ ಹಾರಿ ಹೊಳೆಗೆ ಬೀಳುತ್ತಿದ್ದರು. ಹುಡುಗಿಯರು ಮೇಲೆ ನಿಂತು ನೋಡುತ್ತಿದ್ದರು. ಕಾಲೇಜಿನಲ್ಲಿ ಹೇಳುವಾಗ ನಾನು ಹೋಲಿಕೆಗಳಿಗೆ ಹೆದರುತ್ತೇನೆ; ಎರಡು ಸಂಗತಿ ಒಂದರ ಹಾಗೆ ಇನ್ನೊಂದು ಕಂಡರೆ ಅದು ಬಹಳ ಸಲ ನೋಡುವವರ ಆಸೆ. ಆದರೆ ಚಿಕ್ಕೋಡಿಯ ಆ ಮಧ್ಯಾಹ್ನಗಳಲ್ಲಿ, ಅರ್ಧ ನಿದ್ದೆಯಲ್ಲಿ, ಎರಡು ಗುಡ್ಡಗಳೂ ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಕಪ್ಪು ಮಣ್ಣಿನ ಮೇಲೆ ಹಿಮ ಬೀಳುತ್ತಿತ್ತು. ಎಮ್ಮೆಗಳು ಬಿಳಿ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯುತ್ತಿದ್ದವು.

ವಿಡಿಯೋಗಳನ್ನೂ ನೋಡಿದೆವು. ಮೊದಲ ಹುಡುಗ ಜಾರಿ, ಹಾರಿ, ಇಳಿದು ನಿಂತು ಟೊಪ್ಪಿಗೆ ತೆಗೆದಾಗ ಅತ್ತೆ ಅವನ ಮುಖವನ್ನು ಹತ್ತಿರದಿಂದ ನೋಡಿ, "ಇವಕ್ಕ ಉಣ್ಣಾಕ ಹಾಕ್ತಾರೋ ಇಲ್ಲೋ," ಎಂದಳು. ತೂಕ ಹೆಚ್ಚಾದರೆ ದೂರ ಹಾರುವುದಿಲ್ಲ ಎಂದೆ. ಹಾಗಾದರೆ ನಮ್ಮ ಕಾಕುವನ್ನು, ಅಪ್ಪನ ತಮ್ಮನ ಹೆಂಡತಿಯನ್ನು, ಕೂರಿಸಿದರೆ ಗುಡ್ಡದ ಬುಡಕ್ಕೇ ನೆಟ್ಟಗೆ ಇಳಿಯುತ್ತಾಳೆ ಎಂದು ನಕ್ಕಳು. ಬೇಸಿಗೆಯಲ್ಲಿ ಹಿಮ ಇಲ್ಲದಾಗ ಇಳಿಜಾರಿಗೆಲ್ಲ ಪ್ಲಾಸ್ಟಿಕ್ಕಿನ ಚಾಪೆ ಹಾಸಿ, ನೀರು ಚಿಮುಕಿಸಿ ಜಿಗಿಯುತ್ತಾರೆ ಎಂದು ಹೇಳಿದಾಗ ಮಾತ್ರ ಅವಳು ನಗಲಿಲ್ಲ.

"ಚಾಪಿ ಹಾಸ್ತಾರಾ," ಎಂದಳು.

ಹಳೆಯ ಕಾಲದಲ್ಲಿ ದೂರ ಅಳೆಯುತ್ತಿದ್ದ ರೀತಿ ಅವಳಿಗೆ ಬಹಳ ಹಿಡಿಸಿತು. ಇಳಿಜಾರಿನ ಉದ್ದಕ್ಕೂ ಜನ ನಿಲ್ಲುತ್ತಿದ್ದರು, ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಜಾಗ. ಜಿಗಿದವನ ಕಾಲು ಎಲ್ಲಿ ಊರಿತೆಂದು ಕಣ್ಣಿನಿಂದಲೇ ನೋಡಿ ಕೈ ಎತ್ತುತ್ತಿದ್ದರು. ನಮ್ಮ ಕಡೆ ಎತ್ತಿನ ಗಾಡಿ ಓಡಿಸುವ ಶರ್ಯತ್ತಿನಲ್ಲಿ ಗೆರೆಯ ಹತ್ತಿರ ನಿಲ್ಲುವವರಂತೆ ಎಂದಳು. ನೋಡುವವರು ತಪ್ಪು ನೋಡಿದರೆ ಎಂದು ನಾನು ಕೇಳಿದೆ. ಹತ್ತಿರ ನಿಂತವರು ತಪ್ಪು ನೋಡುವುದಿಲ್ಲ, ತಪ್ಪು ಹೇಳಬಹುದು ಎಂದಳು.

ಜಿಗಿಯುವ ಭಂಗಿಯೂ ಬದಲಾಗುತ್ತಾ ಬಂದಿದೆ. ಬಹಳ ಹಿಂದೆ ಕೈಗಳನ್ನು ಮುಂದೆ ಚಾಚುತ್ತಿದ್ದರು. ಆಮೇಲೆ ಮೈಗೆ ಅಂಟಿಸಿದರು. ಹಲಗೆಗಳನ್ನು ಮೊದಲು ಜೋಡಿಸಿ ಹಿಡಿಯುತ್ತಿದ್ದರು. ಈಗ ತುದಿಗಳನ್ನು ಅಗಲಿಸುತ್ತಾರೆ. ನಮ್ಮ ಚಿತ್ರದಲ್ಲಿ ಹಲಗೆಗಳು ಜೋಡಿಯಾಗಿದ್ದವು ಎಂಬುದರಲ್ಲಿ ಇಬ್ಬರಿಗೂ ಒಂದೇ ಮಾತು. ಅಂದರೆ ಫೋಟೋ ಹಳೆಯದು. ಆದರೆ ಹಳೆಯ ಫೋಟೋವನ್ನು ಪಂಪ್‌ಸೆಟ್ಟಿನವರು ಯಾವ ವರ್ಷವಾದರೂ ಅಚ್ಚುಹಾಕಿಸಬಹುದು. ನನ್ನ ಇತಿಹಾಸದ ವಿದ್ಯೆ ಅಲ್ಲಿಗೆ ನಿಂತಿತು.

ಒಂದು ಭಾನುವಾರ ಕಾಕು ಬಂದಳು. ಅವಳು ಅತ್ತೆಯ ಸರಿವಯಸ್ಸಿನವಳು. ಬುಟ್ಟಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟವಾದ ಮೇಲೆ ನಾನು ಸಹಜವಾಗಿ ಎಂಬಂತೆ ಕೇಳಿದೆ, ಆ ಸಕ್ಕರಿ ಗುಡ್ಡದ ಕ್ಯಾಲೆಂಡರ್ ಮನೆಗೆ ಬಂದದ್ದು ಯಾವಾಗ ಎಂದು.

"ಇಕಿ ಕಾಲ ಮುರಕೊಂಡ ಬಿದ್ದಾಗ," ಎಂದಳು ಕಾಕು ತಡಮಾಡದೆ. "ಹೊತ್ತುದ್ದಕ ಮಾರಿ ಗ್ವಾಡಿ ಕಡೆ ಮಾಡಿ ಮಲಗತಿದ್ಳು. ಗ್ವಾಡಿಗೆ ಏನರೆ ಇರಲಿ ಅಂತ ನಿಮ್ಮ ಮುತ್ಯಾ ತಂದ ಹಾಕಿದ್ರು."

ಗಾಳಿಯಲ್ಲಿದ್ದ ಅತ್ತೆ ಮೊದಲ ಬಾರಿ ಕೆಳಗೆ ಇಳಿಯತೊಡಗಿದಳು.

ಅತ್ತೆ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು, "ಆಗ ನೀ ಎಲ್ಲಿದ್ದಿ? ನಮ್ಮ ಮನಿಗೇ ಬಂದಿದ್ದಿಲ್ಲ ಇನ್ನಾ," ಎಂದಳು.

"ಬಂದಿದ್ದಿಲ್ಲ? ಹಂಗಾರ ನಿಮ್ಮ ಕೌದಿ ಹಿಂಡಿದಾಕಿ ಯಾರಬೇ, ನಿಮ್ಮ ಎಮ್ಮಿ?"

"ಎಮ್ಮೀನ ಚಲೋ ಹಿಂಡತಿತ್ತ."

ಇಬ್ಬರೂ ನಕ್ಕರು. ಕಾಕುವಿನ ಮದುವೆ ಯಾವ ವರ್ಷ ಎಂಬ ಬಗ್ಗೆ ಮಾತು ಬೆಳೆಯಿತು. ಎಮ್ಮೆ ಈದದ್ದು, ಹೊಳೆ ಬಂದದ್ದು, ಯಾರದೋ ಬಾಣಂತನ, ಎಲ್ಲವೂ ಸಾಕ್ಷಿಗೆ ಬಂದವು, ಯಾವುದೂ ಹೊಂದಲಿಲ್ಲ. ಕೊನೆಗೆ ನಾನು ಕಾಕುವನ್ನೇ ನೇರವಾಗಿ ಕೇಳಿದೆ, ಆ ದಿನ ಹೊಳೆಯಲ್ಲಿ ನೀನು ಏನು ನೋಡಿದೆ ಎಂದು. ಅತ್ತೆ ಓಡಿ ಬಂದು ಹಾರಿದಂತೆ ನನಗೆ ನೆನಪಿದೆ ಎಂದೂ ಸೇರಿಸಿದೆ. ಅತ್ತೆಯ ಎದುರಿಗೆ ನಾನು ಅದನ್ನು ಹೇಳಿದ್ದು ಅದೇ ಮೊದಲು.

"ನಿಮ್ಮತ್ತಿ ಏನ ಗಿಳಿ ಏನಬೇ, ಹಾರಾಕ," ಎಂದಳು ಕಾಕು. "ಸಾಬಾಣದ ನೀರ ಹರದಿತ್ತ, ಜಾರಿದ್ಳು. ಮುಗೀತ." ಆದರೆ ಅವಳು ಅದನ್ನು ನನಗೆ ಹೇಳಲಿಲ್ಲ. ಅತ್ತೆಯನ್ನು ನೋಡಿಕೊಂಡು ಹೇಳಿದಳು. ಅತ್ತೆ ಚಹಾ ಇಡು ಎಂದಳು. ನಾನು ಒಳಗೆ ಹೋಗಿ ಚಹಾ ಇಟ್ಟೆ.

ಮರುದಿನ ಚರಿತ್ರೆಯಲ್ಲಿ ಹೆಂಗಸರ ಪಾಳಿ ಬಂತು. ದೊಡ್ಡ ಗುಡ್ಡಗಳ ಮೇಲೆ ಹೆಂಗಸರನ್ನು ಬಹಳ ಕಾಲ ಬಿಟ್ಟಿರಲಿಲ್ಲ. ಇಳಿಯುವಾಗಿನ ಪೆಟ್ಟಿಗೆ ಒಳಗಿನ ಅಂಗ ಕೆಡುತ್ತದೆ, ಮಕ್ಕಳಾಗುವುದಿಲ್ಲ ಎಂದು ದೊಡ್ಡವರು, ಓದಿದವರು ಹೇಳುತ್ತಿದ್ದರು. ನಾನು ಇದನ್ನು ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ. ಅತ್ತೆ ಐಸಿನ ಚೀಲವನ್ನು ತೆಗೆದು ಕೆಳಗಿಟ್ಟಳು.

"ಹುಡಗ್ಯಾರ ಏನ ಮಾಡಿದ್ರು ಮತ್ತ?"

"ಜಿಗೀತಿದ್ರು. ಸಣ್ಣ ಗುಡ್ಡದಾಗ. ಸ್ಪರ್ಧಾಕ್ಕಿಂತ ಮೊದಲ, ದಾರಿ ಚಲೋ ಐತೋ ಇಲ್ಲೋ ನೋಡಾಕ ಅವರನ್ನ ಬಿಡತಿದ್ರಂತ. ಆದರ ಲೆಕ್ಕಕ್ಕ ಹಿಡೀತಿದ್ದಿಲ್ಲ."

"ಜಿಗದಿದ್ದಂತೂ ಜಿಗದಿದ್ರು."

"ಹೌದ."

"ನೋಡಿದವರು ಇದ್ರಲ್ಲಾ?"

ಇದ್ದರು ಎಂದೆ. ಯಾರಾದರೂ ಇದ್ದೇ ಇರುತ್ತಾರೆ ಎಂದೆ. ಅತ್ತೆ ನನ್ನನ್ನು ನೋಡಿದಳು. ಅದು ಬಹಳ ದೀರ್ಘ ನೋಟವೇನಲ್ಲ. ಬರೆಯುವಾಗ ನಾನು ಅದನ್ನು ಉದ್ದ ಮಾಡುತ್ತಿರಬಹುದು. ಆಮೇಲೆ ಮಂಡಿಯನ್ನು ತಾನೇ ಬಗ್ಗಿಸಿದಳು, ಬೆಳಿಗ್ಗೆ ಬರುವವರು ಹೇಳಿದ್ದಕ್ಕಿಂತ ಹೆಚ್ಚು. ನೋವಾಯಿತೆಂದು ಮುಖ ಹೇಳಿತು.

ಆ ರಾತ್ರಿ ಡೈರಿಯಲ್ಲಿ ಬರೆಯಲು ಕೂತು ಒಂದು ಸಂಗತಿ ಹೊಳೆಯಿತು. ದಂಡೆಯ ಮೇಲೆ ಒಣಗಲು ಹಾಸಿದ್ದು ಕೌದಿಗಳಷ್ಟೇ ಅಲ್ಲ. ಮುತ್ಯಾನ ಧೋತರಗಳೂ ಇದ್ದಿರಬೇಕು, ಹಾಸಿಗೆಯ ಮೇಲ್ಹೊದಿಕೆಗಳೂ. ಅವು ಬಿಳಿ. ಒದ್ದೆ ಬಿಳಿ ಬಟ್ಟೆ ಇಳಿಜಾರಿನ ಉದ್ದಕ್ಕೂ. ಹಾಗಾದರೆ ಬಿಳಿಯ ಬಣ್ಣ ಕ್ಯಾಲೆಂಡರಿನಿಂದ ಬಂದದ್ದೇ ಆಗಬೇಕಿಲ್ಲ. "ಚಾಪಿ ಹಾಸ್ತಾರಾ" ಎಂದದ್ದು ನೆನಪಾಯಿತು. ಬರೆದದ್ದನ್ನು ಓದಿ ನನಗೆ ನಾಚಿಕೆಯಾಯಿತು. ಬೇಕಾದ ಕಡೆಗೆ ಸಾಕ್ಷಿಯನ್ನು ದೂಡುವುದು ಎಷ್ಟು ಸುಲಭ. ಆದರೂ ಆ ಸಾಲನ್ನು ಹೊಡೆದುಹಾಕಲಿಲ್ಲ.

ಅವಳು ಕೋಲು ಊರಿ ನಡೆಯುವಂತಾದ ಮೇಲೆ ಸತ್ತಿಗೆ ಬಿಡಲು ಹೊರಟೆವು. ರಾಯಬಾಗ ದಾಟಿದ ಮೇಲೆ ಕಬ್ಬಿನ ಟ್ರಾಕ್ಟರುಗಳ ಸಾಲು. ನುರಿಸುವ ಹಂಗಾಮು ಶುರುವಾಗಿತ್ತು. ದೂರದಲ್ಲಿ ಒಂದು ಕಾರ್ಖಾನೆಯ ಕ್ಯಾರಿಯರ್ ಆಕಾಶಕ್ಕೆ ಓರೆಯಾಗಿ ನಿಂತಿತ್ತು, ಸುತ್ತ ಹೊಗೆಯೋ ಮಂಜೋ. ಸಕ್ಕರಿ ಗುಡ್ಡ ಎಂದು ಇಬ್ಬರೂ ಒಟ್ಟಿಗೇ ಅಂದೆವು. ಮುತ್ಯಾ ಹೇಳಿದ್ದರಲ್ಲಿ ಏನೂ ತಪ್ಪಿಲ್ಲ ಎನ್ನುವ ಹಾಗಿತ್ತು.

ಊರು ಮುಟ್ಟುವ ಮೊದಲು ಅತ್ತೆ ಹೊಳೆಯ ಕಡೆಗೆ ಗಾಡಿ ತಿರುಗಿಸಲು ಹೇಳಿದಳು. ದಂಡೆ ಈಗ ಹಳೆಯದಲ್ಲ. ಎಷ್ಟೋ ಸಲ ಹೊಳೆ ಬಂದು ಕೊರೆದುಕೊಂಡು ಹೋಗಿದೆ. ಎಮ್ಮೆಯ ದಾರಿ ಇದ್ದ ಕಡೆ ನೀರೆತ್ತುವ ಜಾಕ್‌ವೆಲ್ಲು, ದಪ್ಪ ಪೈಪುಗಳು. ಅತ್ತೆ ಕೋಲು ಊರಿಕೊಂಡು ಮೇಲಿನ ಅಂಚಿಗೆ ಹೋಗಿ ನಿಂತಳು. ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಅವಳು ಸ್ವಲ್ಪ ಮುಂದಕ್ಕೆ ಬಾಗಿದಂತೆ ಕಂಡಿತು. ನಾನು ತೋಳು ಹಿಡಿಯಲು ಹೋದೆ. ಕೈಯನ್ನು ಮೆಲ್ಲಗೆ ಸರಿಸಿದಳು.

ಅಲ್ಲಿ ನಾನು ಕೇಳಿದೆ.

ಆ ದಂಡೆ ಎಷ್ಟು ಎತ್ತರವಿತ್ತೆಂದು ನಿನಗೆ ನೆನಪಿದೆಯೇ ಎಂದು ಅವಳು ಕೇಳಿದಳು. ಬಹಳ ಎತ್ತರ ಎಂದೆ. "ನಿನಗ ಆಗ ಎಲ್ಲಾನೂ ಎತ್ತರನ," ಎಂದು ಗಾಡಿಯ ಕಡೆ ತಿರುಗಿದಳು.

ಈಗ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಹೊಸ ಮಂಡಿಗೆ ಚಳಿ ತಾಕುತ್ತದೆ, ಕರಿ ಎಮ್ಮೆ ಒದೆಯುವುದು ಬಿಟ್ಟಿದೆ, ಕಾಕು ಗುಡ್ಡದ ವಿಡಿಯೋ ತೋರಿಸೆಂದು ದಿನಾ ಕಾಡುತ್ತಾಳೆ. ಮೊನ್ನೆ, ಆ ಊರಲ್ಲಿ ಹಿಮ ಬಿತ್ತೇ ಎಂದು ವಿಚಾರಿಸಿದಳು. ಬಿದ್ದಿದೆ ಎಂದೆ. ಒಳ್ಳೆಯದಾಯಿತು ಎಂದಳು. ಹೊಳೆಯ ದಂಡೆಯ ಮೇಲೆ ನಾನು ಕೇಳಿದ್ದಕ್ಕೆ ಮಾತ್ರ ಅವಳು ಈ ತನಕ ಉತ್ತರ ಕೊಟ್ಟಿಲ್ಲ.

"ಅತ್ತಿ, ಅವತ್ತ ನೀ ಜಾರಿ ಬಿದ್ದ್ಯೋ, ಜಿಗದ್ಯೋ?"